ನೀನು ಸಾಲ ಪೂರ್ತಿ ಕಟ್ಟಿದವನು, ಬೇರೆಯವರದು ಮನ್ನಾ ಆದರೆ ಹೊಟ್ಟೆ ಉರಿಯಲ್ವಾ?

ಈ ಪ್ರಶ್ನೆಯನ್ನು ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ, ಗೋಳಗುಮ್ಮಟದ ಹತ್ತಿರ ಚಹಾ ಕುಡಿಯುವಾಗ ಕೇಳಿದ್ದಾರೆ, ಗದಗ ರೈಲಿನಲ್ಲಿ ಎದುರು ಸೀಟಿನವರೂ ಕೇಳಿದ್ದಾರೆ. ಶಿಕ್ಷಣ ಸಾಲ ತಗೊಂಡು ಇಂಜಿನಿಯರಿಂಗ್ ಓದಿದೆ, ಒಂದು ಕಂತೂ ತಪ್ಪಿಸದೆ ಕಟ್ಟಿ ಮುಗಿಸಿದೆ ಅಂತ ಗೊತ್ತಾದ ಕೂಡಲೇ ಜನ ನನ್ನ ಮುಖ ನೋಡುವುದೇ ಬೇರೆ ಥರ. ಮೊದಲು ಒಂದು ಶಭಾಷ್. ಆಮೇಲೆ ಮೆಲ್ಲಗೆ, "ಸುಳ್ಳೇ ಕಟ್ಟಿದಿ ನೋಡು, ಸ್ವಲ್ಪ ತಡದಿದ್ರ ಮನ್ನಾ ಆಗ್ತಿತ್ತು." ಅದರ ಹಿಂದೆಯೇ ಈ ಹೊಟ್ಟೆ ಉರಿ ಪ್ರಶ್ನೆ.

ಉತ್ತರ ಹೇಳುತ್ತೇನೆ. ಹೊಟ್ಟೆ ಉರಿಯುತ್ತೆ. ಆದರೆ ನೀವು ಅಂದುಕೊಂಡ ಕಡೆ ಅಲ್ಲ.

2024ರ ದೀಪಾವಳಿಯ ಒಂದು ಸಂಜೆಯಿಂದ ಶುರು ಮಾಡುತ್ತೇನೆ, ಯಾಕಂದರೆ ಈ ಮಾತು ಚೆನ್ನಾಗಿ ಬೆಳೆದದ್ದು ಅವತ್ತೇ. ನನ್ನ ಗೆಳೆಯನೊಬ್ಬನದು ವಿಜಯಪುರದ ಎಪಿಎಂಸಿಯಲ್ಲಿ ಅಡತಿ ಅಂಗಡಿ, ಅಂದರೆ ಕಾಳುಕಡಿ ದಲಾಲಿ. ನಾವೆಲ್ಲ ಅವನನ್ನು ಸಾಹುಕಾರ ಅಂತಲೇ ಕರೆಯೋದು, ಸಾಹುಕಾರಿಕೆ ಎಷ್ಟಿದೆ ಅಂತ ಅವನಿಗೇ ಗೊತ್ತು. ಲಕ್ಷ್ಮೀ ಪೂಜೆಗೆ ಪ್ರತಿ ವರ್ಷ ಅಲ್ಲೇ ಕೂಡುತ್ತೇವೆ. ಬಾಗಿಲಿಗೆ ಕಬ್ಬು, ಬಾಳೆಕಂಬ, ಚೆಂಡುಹೂವಿನ ಮಾಲೆ. ಒಳಗೆ ಗಾದಿಯ ಮೇಲೆ ಲಕ್ಷ್ಮಿ ಫೋಟೋ, ಅದರ ಮುಂದೆ ಹೊಸ ಖಾತೆ ಪುಸ್ತಕ, ಮೊದಲ ಪುಟದಲ್ಲಿ ಕುಂಕುಮದಲ್ಲಿ ಬರೆದ ಶುಭ ಲಾಭ. ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿ ಇದ್ದರೂ ಆ ಕೆಂಪು ಬಟ್ಟೆ ಹೊದಿಕೆಯ ಪುಸ್ತಕ ಮಾತ್ರ ಬಿಟ್ಟಿಲ್ಲ. ಪೂಜೆ ಮುಗಿದ ಮೇಲೆ ಚುರುಮುರಿ, ಬತ್ತಾಸು, ಪೇಡೆಯ ಫಳಾರ. ಆಮೇಲೆ ಟಿವಿ.

ಟಿವಿ ಅಂದರೆ ಜಗಳ. ಮೆಡಿಕಲ್ ಅಂಗಡಿಯ ಗೆಳೆಯನಿಗೆ ಬಿಗ್ ಬಾಸ್ ಬೇಕು, ಯಾಕಂದರೆ ಹಾವೇರಿ ಜಿಲ್ಲೆಯ ಹನುಮಂತ ಆಗಷ್ಟೇ ವೈಲ್ಡ್ ಕಾರ್ಡ್‌ನಲ್ಲಿ ಒಳಗೆ ಹೋಗಿದ್ದ, ನಮ್ಮ ಕಡೆ ಹುಡುಗ, ನಮ್ಮ ಮಾತು ಮಾತಾಡುತ್ತಾನೆ ಅನ್ನೋ ಹುರುಪು. ಮಾಸ್ತರನಿಗೆ ನ್ಯೂಸ್ ಬೇಕು, ಮುಂದಿನ ವಾರ ಅಮೆರಿಕದ ಚುನಾವಣೆ. ರಿಮೋಟು ಅವರಿಬ್ಬರ ನಡುವೆ ಓಡಾಡುತ್ತಿತ್ತು. ಒಂದು ಕಡೆ ಅಡುಗೆಮನೆಗೆ ಅಕ್ಕಿ ಸಾಲದು ಅಂತ ಗಲಾಟೆ, ಇನ್ನೊಂದು ಕಡೆ ಟ್ರಂಪ್ ಮತ್ತು ಕಮಲಾ ಹ್ಯಾರಿಸ್. ನೋಡುತ್ತ ನೋಡುತ್ತ ಎರಡೂ ಒಂದೇ ಕಾರ್ಯಕ್ರಮ ಅನ್ನಿಸತೊಡಗಿತು.

ಆಗ ಸಾಹುಕಾರನ ಅವ್ವ ಫಳಾರದ ತಾಟು ಹಿಡಿದು ಬಂದವರು ನಿಂತು ಕೇಳಿದರು, "ಅಲ್ಲೋ ಮಾಸ್ತರ, ಅಮೆರಿಕಾದಾಗ ಓದಿದ ಹುಡುಗೂರ ಸಾಲ ಎಲ್ಲಾ ಮನ್ನಾ ಮಾಡ್ತಾರಂತಲ್ಲ, ನಮ್ಮ ಸಣ್ಣಾವಂದೂ ಆಗ್ತೈತೇನು?"

ಸಣ್ಣಾವ ಅಂದರೆ ಸಾಹುಕಾರನ ತಮ್ಮ, ಟೆಕ್ಸಾಸ್‌ನಲ್ಲಿದ್ದಾನೆ. ಎಲ್ಲರೂ ನಕ್ಕರು. ಆದರೆ ಅಜ್ಜಿ ಕೇಳಿದ್ದರಲ್ಲಿ ತಪ್ಪೇನಿಲ್ಲ, ಸುದ್ದಿ ನಮ್ಮ ಕಿವಿಗೆ ಬಿದ್ದಿದ್ದೇ ಹಾಗೆ. ಬೈಡನ್ 2022ರ ಆಗಸ್ಟ್‌ನಲ್ಲಿ ಘೋಷಣೆ ಮಾಡಿದ್ದು ನಿಜ. ವರ್ಷಕ್ಕೆ 1,25,000 ಡಾಲರ್‌ಗಿಂತ ಕಡಿಮೆ ದುಡಿಯುವವರಿಗೆ 10,000 ಡಾಲರ್‌ವರೆಗೆ ಮನ್ನಾ, ಬಡ ಮಕ್ಕಳಿಗೆ ಸಿಗುವ ಪೆಲ್ ಗ್ರ್ಯಾಂಟ್ ಪಡೆದು ಓದಿದವರಿಗೆ 20,000ದವರೆಗೆ. ಅದನ್ನು ಅಲ್ಲಿನ ಸುಪ್ರೀಂ ಕೋರ್ಟು 2023ರ ಜೂನ್ 30ರಂದು ಹೊಡೆದು ಹಾಕಿತು, ಆರು ಜನ ಆ ಕಡೆ, ಮೂವರು ಈ ಕಡೆ. ಇಷ್ಟು ದೊಡ್ಡ ಮನ್ನಾ ಮಾಡುವ ಅಧಿಕಾರವನ್ನು ಸಂಸತ್ತು ನಿಮಗೆ ಕೊಟ್ಟಿಲ್ಲ ಅಂದಿತು. ಆಮೇಲೆ ಬೈಡನ್ ಸರ್ಕಾರ ಬೇರೆ ಬೇರೆ ಯೋಜನೆಗಳ ದಾರಿಯಲ್ಲಿ ಒಂದಷ್ಟು ಜನರದು ಮನ್ನಾ ಮಾಡಿತು ಅನ್ನಿ. ಆದರೆ ಇದೆಲ್ಲ ಅಲ್ಲಿನ ಕೇಂದ್ರ ಸರ್ಕಾರ ತನ್ನ ಮಕ್ಕಳಿಗೆ ಕೊಟ್ಟ ಸಾಲ. ವೀಸಾ ಮೇಲೆ ಓದಲು ಹೋದ ನಮ್ಮ ಹುಡುಗರಿಗೆ ಆ ಸಾಲ ಸಿಗುವುದೇ ಇಲ್ಲ. ಸಣ್ಣಾವನ ಸಾಲ ಇರೋದು ಇಲ್ಲೇ, ನಮ್ಮೂರ ಬ್ಯಾಂಕಿನಲ್ಲಿ, ಮನೆ ಕಾಗದ ಒತ್ತಿ ಇಟ್ಟು.

"ಹಂಗಾರ ಬೈಡನ್ ಮಾಡಿದ್ರ ನಮಗೇನು ಲಾಭ" ಅಂತ ಅಜ್ಜಿ ತಾಟು ಮುಂದಕ್ಕೆ ಸರಿಸಿದರು. ಅಲ್ಲಿಗೆ ಅಮೆರಿಕದ ರಾಜಕೀಯ ಮುಗಿಯಿತು.

ಅಮೆರಿಕದಲ್ಲೂ ಜನ ಕೇಳಿದ್ದು ಇದೇ ಪ್ರಶ್ನೆಯನ್ನ. ನಾನು ಹೊಟ್ಟೆ ಬಟ್ಟೆ ಕಟ್ಟಿ ತೀರಿಸಿದೆ, ಪಕ್ಕದ ಮನೆಯವನದು ಯಾಕೆ ಮನ್ನಾ? ಸಾಹುಕಾರ ಅದನ್ನೇ ನನ್ನ ಕಡೆ ತಿರುಗಿಸಿದ. ಅವನ ಪ್ರಕಾರ ನಾನು ಗೆಳೆಯರಲ್ಲಿ ನಂಬರ್ ಒನ್ ದಡ್ಡ. ಅವನ ಹತ್ತಿರ ಪುರಾವೆಯೂ ಇತ್ತು, ನಮ್ಮ ಮನೆಯದೇ. 2018ರಲ್ಲಿ ಕುಮಾರಸ್ವಾಮಿ ಸರ್ಕಾರ ರಾಷ್ಟ್ರೀಕೃತ ಬ್ಯಾಂಕುಗಳಲ್ಲಿನ 2 ಲಕ್ಷದವರೆಗಿನ ಬೆಳೆ ಸಾಲ ಮನ್ನಾ ಅಂದಾಗ, ನಮ್ಮ ಕಾಕಾನದು ಕಟ್ಟದೆ ಉಳಿದ ಸುಸ್ತಿ ಸಾಲ, ಮನ್ನಾ ಪಟ್ಟಿಗೆ ಬಂತು. ಅಪ್ಪ ಅದೇ ವರ್ಷ ತೊಗರಿ ಮಾರಿ ಸಾಲ ಪೂರ್ತಿ ಕಟ್ಟಿದ್ದರು. ನಿಯತ್ತಾಗಿ ಕಟ್ಟಿದವರಿಗೆ 25 ಸಾವಿರದವರೆಗೆ ಕೊಡುತ್ತೇವೆ ಅಂತ ಬಜೆಟ್‌ನಲ್ಲಿ ಓದಿದ್ದರೂ ಅಪ್ಪನ ಸಿಟ್ಟು ಇಳಿಯಲಿಲ್ಲ. ಎರಡು ತಿಂಗಳು ಅಣ್ಣ ತಮ್ಮ ಒಬ್ಬರನ್ನೊಬ್ಬರು ಮಾತಾಡಿಸಲಿಲ್ಲ, ಕಾಕಾ ಏನು ತಪ್ಪು ಮಾಡಿದ್ದ ಅಂತ ಕೇಳಿದರೆ ಅಪ್ಪನ ಹತ್ತಿರ ಉತ್ತರ ಇಲ್ಲ. ಕೊನೆಗೆ ದಸರಾ ಬಂತು, ಕಾಕಾ ಬನ್ನಿ ಹಿಡಿದು ಬಂದು "ಬಂಗಾರದ್ಹಂಗ ಇರೂಣು" ಅಂದ. ಅಪ್ಪ ತಗೊಂಡರು. ಬನ್ನಿ ಎಲೆ ಬೇಡ ಅನ್ನೋಕಾಗುತ್ತಾ?

ಆದ್ದರಿಂದ ಆ ಉರಿ ನನಗೆ ಗೊತ್ತು, ಮನೆಯಲ್ಲೇ ನೋಡಿದ್ದೇನೆ. ನನ್ನದು ಬೇರೆ. ಅದಕ್ಕೆ ಲೆಕ್ಕ ಬಿಡಿಸಬೇಕು.

2009ರಲ್ಲಿ ನನಗೆ ಬಾಗಲಕೋಟೆಯಲ್ಲಿ ಸೀಟು ಸಿಕ್ಕಿತು. ಅಪ್ಪನದು ಡೋಣಿ ನದಿ ಕಡೆಯ ಎರಿ ಹೊಲ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಅಂತಾರೆ, ಬೆಳೆಯದ ವರ್ಷ ಏನು ಅಂತ ಯಾರೂ ಗಾದೆ ಕಟ್ಟಿಲ್ಲ. ಸಾಲಕ್ಕೆ ಅಪ್ಪ ನಾಲ್ಕು ಸಲ ಬ್ಯಾಂಕಿಗೆ ಅಲೆದರು. ಬಟ್ಟೆ ಅಂಗಡಿಯ ಹಳದಿ ಕ್ಯಾರಿಬ್ಯಾಗಿನಲ್ಲಿ ಹೊಲದ ಉತಾರ (ಪಹಣಿ), ರೇಷನ್ ಕಾರ್ಡು, ನನ್ನ ಅಂಕಪಟ್ಟಿ. ಆಗ 4 ಲಕ್ಷದ ಒಳಗಿನ ಶಿಕ್ಷಣ ಸಾಲಕ್ಕೆ ಏನನ್ನೂ ಒತ್ತಿ ಇಡಬೇಕಿಲ್ಲ, ಅಪ್ಪನೋ ಅವ್ವನೋ ಜೊತೆಗೆ ಸಹಿ ಹಾಕಿದರೆ ಸಾಕು ಅನ್ನುವುದು ನಿಯಮ. ಆದರೂ ಒಳಗೆ ಕೂತವರು ಹೊಲದ ಕಾಗದ ಕೇಳಿದರು, ಅಪ್ಪ ತೋರಿಸಿದರು. ವರ್ಷಕ್ಕೆ 70 ಸಾವಿರದಂತೆ ನಾಲ್ಕು ವರ್ಷ, ಒಟ್ಟು 2 ಲಕ್ಷ 80 ಸಾವಿರ. ಬಡ್ಡಿ ಶೇ. 12.

ಓದುವಾಗ ಕಂತು ಇಲ್ಲ, ಓದು ಮುಗಿದು ಒಂದು ವರ್ಷದವರೆಗೂ ಇಲ್ಲ. ಅದನ್ನು ಕೇಳಿ ನಾವು ಬಡ್ಡಿಯೂ ಇಲ್ಲ ಅಂದುಕೊಂಡಿದ್ದೆವು. ಕಂತು ಇಲ್ಲ ಅಷ್ಟೇ, ಬಡ್ಡಿ ಓಡುತ್ತಲೇ ಇತ್ತು, ನಾನು ಹಾಸ್ಟೆಲಿನಲ್ಲಿ ಮಲಗಿದಾಗಲೂ, ಹೋಳಿ ಹುಣ್ಣಿಮೆಗೆ ಬಾಗಲಕೋಟೆಯಲ್ಲಿ ಬಣ್ಣದ ಬಂಡಿ ಹಿಂದೆ ಹಲಗಿ ಕೇಳುತ್ತಾ ಕುಣಿಯುವಾಗಲೂ. ಮೊದಲ ವರ್ಷದ 70 ಸಾವಿರಕ್ಕೆ ಐದು ವರ್ಷದ ಬಡ್ಡಿ 42,000. ಎರಡನೇ ವರ್ಷದ್ದಕ್ಕೆ 33,600. ಹೀಗೆ ನಾಲ್ಕೂ ಸೇರಿ 1,17,600. ಇದು ಅಸಲಿಗೆ ಸೇರಿಕೊಂಡಿತು. 2014ರ ಜುಲೈನಲ್ಲಿ ಮೊದಲ ಕಂತು ಕಟ್ಟುವಾಗ ನನ್ನ ಸಾಲ 2.8 ಲಕ್ಷ ಅಲ್ಲ, 4 ಲಕ್ಷಕ್ಕೆ 2,400 ಕಡಿಮೆ. ಇಎಂಐ 7,018 ರೂಪಾಯಿ, 84 ತಿಂಗಳು. ನನ್ನ ಮೊದಲ ಸಂಬಳ 14 ಸಾವಿರ.

ಪ್ರತಿ ತಿಂಗಳು 7ನೇ ತಾರೀಖು ತಾನಾಗೇ ಕಟ್ ಆಗುತ್ತಿತ್ತು. ನಮ್ಮವ್ವನದು ಒಂದು ನಿಯಮ, ಲಕ್ಷ್ಮೀ ಪೂಜೆ ದಿನ ಮನೆಯಿಂದ ರೊಕ್ಕ ಹೊರಗೆ ಹೋಗಬಾರದು. ಹಾಲಿನವನಿಗೂ ಹಿಂದಿನ ದಿನವೇ ಕೊಟ್ಟಿರುತ್ತಾಳೆ. 2018ರಲ್ಲಿ ಲಕ್ಷ್ಮೀ ಪೂಜೆ ಬಂದದ್ದು ನವೆಂಬರ್ 7ಕ್ಕೆ. ಅವ್ವ ಆರತಿ ತಟ್ಟೆಗೆ ಎಣ್ಣೆ ಹಾಕುತ್ತಿದ್ದಳು, ನನ್ನ ಫೋನು ಟಿಂಗ್ ಅಂತು. "ಯಾರ್ದು?" ಅಂದಳು. "ದೀಪಾವಳಿ ಶುಭಾಶಯ" ಅಂದೆ.

ಈಗ ಉರಿಯ ವಿಷಯ. 2016ರಲ್ಲಿ ಏನೋ ಕೆಲಸಕ್ಕೆ ಬ್ಯಾಂಕಿಗೆ ಹೋದಾಗ ಹೊಸದಾಗಿ ಬಂದಿದ್ದ ಆಫೀಸರೊಬ್ಬರು ನನ್ನ ಫೈಲು ತಿರುವಿ ಕೇಳಿದರು, "ಇಂಟರೆಸ್ಟ್ ಸಬ್ಸಿಡಿ ಯಾಕ್ರೀ ತಗೊಂಡಿಲ್ಲ?" ಯಾವ ಸಬ್ಸಿಡಿ? ಕೇಂದ್ರ ಸರ್ಕಾರದ್ದು ಒಂದು ಯೋಜನೆ ಇತ್ತು, 2009-10ನೇ ಸಾಲಿನಿಂದಲೇ, ಅಂದರೆ ನಾನು ಸೇರಿದ ವರ್ಷದಿಂದಲೇ. ಮನೆಯ ವರ್ಷದ ಆದಾಯ ನಾಲ್ಕೂವರೆ ಲಕ್ಷದ ಒಳಗಿದ್ದು, ಇಂಜಿನಿಯರಿಂಗ್ ಥರದ ಕೋರ್ಸು ಓದುತ್ತಿದ್ದರೆ, ಓದುವ ಕಾಲದ ಮತ್ತು ನಂತರದ ಒಂದು ವರ್ಷದ ಪೂರ್ತಿ ಬಡ್ಡಿ ಸರ್ಕಾರವೇ ಕಟ್ಟುತ್ತೆ. ಬೇಕಾದ್ದು ಒಂದು ಆದಾಯ ಪ್ರಮಾಣ ಪತ್ರ. ಅಪ್ಪನ ಆದಾಯ ನಾಲ್ಕೂವರೆ ಲಕ್ಷದ ಹತ್ತಿರಕ್ಕೂ ಹೋಗುವಂಥದ್ದಲ್ಲ. ನಾಲ್ಕು ಸಲ ಅಲೆದಾಗ ಹೊಲದ ಉತಾರ ಕೇಳಿದವರು ಆ ಒಂದು ಕಾಗದ ಮಾತ್ರ ಕೇಳಿರಲಿಲ್ಲ. "ಈಗ ಟೈಮ್ ಮುಗಿದಿದೆ" ಅಂದರು ಆ ಆಫೀಸರು, ಪಾಪ, ಅವರಿಗೇ ಬೇಜಾರಾಗಿತ್ತು.

ಆ ಕಾಗದ ಕೊಟ್ಟಿದ್ದರೆ ನನ್ನ ಕಂತು 7,018 ಅಲ್ಲ, 4,943. ತಿಂಗಳಿಗೆ 2,075ರ ಫರಕು, ಏಳು ವರ್ಷಕ್ಕೆ 1 ಲಕ್ಷ 74 ಸಾವಿರ. ಉರಿಯುವುದು ಇಲ್ಲಿ. ಕಾಕಾನ ಮನ್ನಾಗೆ ಅಲ್ಲ.

ಅವತ್ತು ಅಂಗಡಿಯಲ್ಲಿ ಇದನ್ನು ಹೇಳಿದಾಗ ಮಾಸ್ತರ ಒಪ್ಪಲಿಲ್ಲ. ಮನ್ನಾ ಆಗಲೇಬೇಕು ಅಂತ ಅವನ ವಾದ. 2024ರ ಲೋಕಸಭಾ ಚುನಾವಣೆಗೆ ಕಾಂಗ್ರೆಸ್ ಪ್ರಣಾಳಿಕೆಯಲ್ಲಿ ಇದು ಇತ್ತು ಕೂಡ, ಮಾರ್ಚ್ 15ಕ್ಕೆ ಬಾಕಿ ಇರುವ ಶಿಕ್ಷಣ ಸಾಲವನ್ನು ಬಡ್ಡಿ ಸಮೇತ ಒಂದು ಸಲ ಮನ್ನಾ ಮಾಡುತ್ತೇವೆ ಅಂತ. ಅವರು ಅಧಿಕಾರಕ್ಕೆ ಬರಲಿಲ್ಲ, ಮಾತು ಅಲ್ಲಿಗೇ ನಿಂತಿತು. ಆದರೆ ಅದನ್ನು ಟಿವಿಯಲ್ಲಿ ಕೇಳಿದ ನನ್ನ ಪರಿಚಯದ ಹುಡುಗನೊಬ್ಬ ಕಂತು ಕಟ್ಟುವುದನ್ನೇ ನಿಲ್ಲಿಸಿದ. ಮೂರು ತಿಂಗಳು ತಪ್ಪಿದರೆ ಸುಸ್ತಿ, ಸಿಬಿಲ್ ಸ್ಕೋರು ಪಾತಾಳಕ್ಕೆ, ಈಗ ಅವನಿಗೆ ಬೈಕ್ ಸಾಲವೂ ಹುಟ್ಟುತ್ತಿಲ್ಲ. ಮನ್ನಾ ಮಾಡುವವರು ಮಾಡಲಿ, ನನ್ನ ತಕರಾರಿಲ್ಲ. ಅದನ್ನು ನಂಬಿ ಕಂತು ನಿಲ್ಲಿಸಬೇಡಿ ಅಷ್ಟೇ. ಈ ಮಾತನ್ನು ಟಿವಿಯಲ್ಲಿ ಹೇಳುವವರಿಲ್ಲ. ಸೀರಿಯಲ್‌ನಲ್ಲೂ ಸಾಲ ಅಂದರೆ ಸಾಲ ಕೊಟ್ಟವನೊಬ್ಬ ಬಂದು ಬಾಗಿಲಲ್ಲಿ ಕೂಗಾಡುತ್ತಾನೆ, ಎರಡನೇ ದಿನ ನಾಯಕಿ ಬಳೆ ಬಿಚ್ಚಿ ಕೊಡುತ್ತಾಳೆ, ಮುಗೀತು. ಆದಾಯ ಪ್ರಮಾಣ ಪತ್ರಕ್ಕೆ ನಾಡಕಚೇರಿಯಲ್ಲಿ ಪಾಳಿ ಹಚ್ಚಿ ನಿಂತ ನಾಯಕಿಯನ್ನು ಯಾವ ಸೀರಿಯಲ್ಲಿನಲ್ಲಿ ನೋಡಿದ್ದೀರಿ?

ಅಂದಹಾಗೆ, ನನಗೂ ಸರ್ಕಾರದಿಂದ ಒಂದು ಮನ್ನಾ ಸಿಕ್ಕಿದೆ. ಕೊರೋನಾ ವರ್ಷದಲ್ಲಿ ಆರು ತಿಂಗಳ ಚಕ್ರಬಡ್ಡಿಗೂ ಸರಳ ಬಡ್ಡಿಗೂ ಇರುವ ವ್ಯತ್ಯಾಸವನ್ನು ಕೇಂದ್ರ ಸರ್ಕಾರ ತುಂಬಿಕೊಟ್ಟಿತಲ್ಲ, ಅದರಲ್ಲಿ ಶಿಕ್ಷಣ ಸಾಲವೂ ಸೇರಿತ್ತು. 2020ರ ನವೆಂಬರ್‌ನಲ್ಲಿ ನನ್ನ ಖಾತೆಗೆ 157 ರೂಪಾಯಿ ಜಮಾ ಆಯಿತು. ಗೆಳೆಯರಿಗೆ ಅವತ್ತೇ ಮಿರ್ಚಿ ಭಜಿ ತಿನ್ನಿಸಿದೆ. ಮೇಲೆ 40 ರೂಪಾಯಿ ಕೈಯಿಂದ ಹೋಯಿತು.

2024ರ ಆ ದೀಪಾವಳಿ ಮುಗಿದ ವಾರದಲ್ಲೇ, ನವೆಂಬರ್ 6ಕ್ಕೆ, ಕೇಂದ್ರ ಸಂಪುಟ ಪಿಎಂ ವಿದ್ಯಾಲಕ್ಷ್ಮಿ ಅನ್ನೋ ಹೊಸ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹೆಸರಿನಲ್ಲೇ ಲಕ್ಷ್ಮಿ. ಆಯ್ದ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ (ಆಗಿನ ಪಟ್ಟಿಯಲ್ಲಿ 860) ಸೀಟು ಸಿಕ್ಕರೆ ಜಾಮೀನಿಲ್ಲದೆ ಸಾಲ, ಮನೆಯ ಆದಾಯ 8 ಲಕ್ಷದೊಳಗಿದ್ದರೆ ಓದುವ ಕಾಲದ ಬಡ್ಡಿಯಲ್ಲಿ ಶೇ. 3 ಸರ್ಕಾರದ್ದು, ಅದೂ 10 ಲಕ್ಷದವರೆಗಿನ ಸಾಲಕ್ಕೆ. ಆದಾಯ ನಾಲ್ಕೂವರೆ ಲಕ್ಷದೊಳಗಿನವರಿಗೆ ವೃತ್ತಿ ಶಿಕ್ಷಣಕ್ಕೆ ಹಳೆಯ ಪೂರ್ತಿ ಬಡ್ಡಿಯ ಯೋಜನೆಯೂ ಇದೆ. ಸೇರುವ ಮೊದಲು ಕಾಲೇಜು ಪಟ್ಟಿಯಲ್ಲಿದೆಯಾ ನೋಡಿಕೊಳ್ಳಿ.

ನಾನು ಸುದ್ದಿಯನ್ನು ಗ್ರೂಪಿಗೆ ಹಾಕಿದೆ. ಮಾಸ್ತರ ಹೆಬ್ಬೆರಳು ಒತ್ತಿದ. ಮೆಡಿಕಲ್ ಗೆಳೆಯ ಅದರ ಕೆಳಗೆ "ಎಲ್ಲಾರೂ ಹನುಮಂತಗ ವೋಟ್ ಹಾಕ್ರಿ" ಅಂತ ಹಾಕಿದ. ಹನುಮಂತ ಜನವರಿಯಲ್ಲಿ ಗೆದ್ದ, 50 ಲಕ್ಷ. ಅದರಲ್ಲಿ ಶೇ. 30ರ ಮೇಲೆ ತೆರಿಗೆ ಹೋಗುತ್ತೆ ಅಂದೆ, ಗ್ರೂಪಿನಿಂದ ತೆಗೆದೇ ಬಿಡೋಣ ಇವನನ್ನ ಅಂದರು.

ಕಳೆದ ಜೂನ್‌ನಲ್ಲಿ ರಾತ್ರಿ ಹತ್ತಕ್ಕೆ ಸಾಹುಕಾರನ ಫೋನು. ಅವನ ಅಂಗಡಿಯಲ್ಲಿ ಹಮಾಲಿ ಮಾಡುವವರ ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದೆ, ನಾಳೆ ಅಪ್ಪ ಮಗಳು ಬ್ಯಾಂಕಿಗೆ ಹೋಗುತ್ತಾರೆ. "ಆ ನಿನ್ನ ಕಾಗದ, ಏನಂತಾರದಕ್ಕ, ಉತಾರನೋ?" ಅಂದ.

"ಉತಾರ ಅಲ್ಲಲೇ. ಆದಾಯ ಪ್ರಮಾಣ ಪತ್ರ. ಬರಕೋ."

"ತಡಿ, ಪೆನ್ನ ಹುಡುಕ್ತೀನಿ" ಅಂದ. ಹಿಂದೆ ಟಿವಿ ಸದ್ದು ಕೇಳುತ್ತಿತ್ತು. ಬಹಳ ಹೊತ್ತು ಹುಡುಕಿದ.