ಹೇಳದೆ ನಿಂತ ಲ್ಯಾಪ್‌ಟಾಪು, ಕೇಳದೆ ನಿಲ್ಲುವ ಕಾರು

ಕಳೆದ ಏಪ್ರಿಲ್‌ನ ಒಂದು ಮಧ್ಯಾಹ್ನ, ಬದಿಯಡ್ಕದ ಮನೆಯಲ್ಲಿ ಕುಳಿತು ಹತ್ತನೆಯ ತರಗತಿಯ ಮಕ್ಕಳಿಗಾಗಿ ವ್ಯಾಕರಣದ ಅಭ್ಯಾಸ ಪತ್ರಿಕೆಯೊಂದನ್ನು ಟೈಪ್ ಮಾಡುತ್ತಿದ್ದಾಗ, ನನ್ನ ಲ್ಯಾಪ್‌ಟಾಪಿನ ಪರದೆ ಒಮ್ಮೆಲೇ ಕಪ್ಪಾಯಿತು. ಕರೆಂಟು ಹೋಗಿರಲಿಲ್ಲ, ಬ್ಯಾಟರಿಯೂ ತುಂಬಿತ್ತು. ಮತ್ತೆ ಆನ್ ಮಾಡಿ ಯಂತ್ರದೊಳಗೆ ನಡೆದದ್ದರ ದಾಖಲೆ ತೋರಿಸುವ ವಿಂಡೋಸಿನ ಈವೆಂಟ್ ವ್ಯೂವರ್ ತೆರೆದಾಗ ಸಿಕ್ಕಿದ್ದು ಕರ್ನಲ್-ಪವರ್ 41 ಎಂಬ ನಮೂದು. ಯಂತ್ರವು ಕ್ರಮಪ್ರಕಾರ ಶಟ್‌ಡೌನ್ ಆಗಿರಲಿಲ್ಲ ಎಂಬುದಷ್ಟೇ ಅದರ ಅರ್ಥ. ಕಾರಣವನ್ನು ನಾವೇ ಹುಡುಕಿಕೊಳ್ಳಬೇಕು.

ಕಂಪ್ಯೂಟರನ್ನು ಮುಚ್ಚುವ ಕೆಲಸ ಒಂದು ಕಾಲದಲ್ಲಿ ಪೂರ್ತಿ ನಮ್ಮದೇ ಆಗಿತ್ತು. ವಿಂಡೋಸ್ 95ರಲ್ಲಿ ಶಟ್‌ಡೌನ್ ಕೊಟ್ಟರೆ, ಈಗ ಸ್ವಿಚ್ ಆರಿಸಬಹುದು ಎಂದು ಕಿತ್ತಳೆ ಬಣ್ಣದ ಅಕ್ಷರಗಳು ಬಂದು ನಿಲ್ಲುತ್ತಿದ್ದವು. ಬೆರಳಿನಿಂದ ಒತ್ತುವವರೆಗೆ ಪೆಟ್ಟಿಗೆ ಗುಂಯ್‌ಗುಡುತ್ತಲೇ ಇರುತ್ತಿತ್ತು. 1995ರಲ್ಲಿ ಬಂದ, ಮದರ್‌ಬೋರ್ಡು ಮತ್ತು ವಿದ್ಯುತ್ ಪೂರೈಕೆಯ ಎಟಿಎಕ್ಸ್ ವಿನ್ಯಾಸ ಮತ್ತು ವಿದ್ಯುತ್ತಿನ ನಿರ್ವಹಣೆಯನ್ನು ವಿಂಡೋಸಿನಂಥ ತಂತ್ರಾಂಶಕ್ಕೆ ಒಪ್ಪಿಸುವ 1996ರ ಎಸಿಪಿಐ ನಿಯಮಾವಳಿ ಬಳಕೆಗೆ ಬಂದ ಮೇಲೆ, ವಿದ್ಯುತ್ತನ್ನು ಕಡಿದುಕೊಳ್ಳುವ ಅಧಿಕಾರ ಯಂತ್ರಕ್ಕೇ ಸಿಕ್ಕಿತು.

ಆ ಅಧಿಕಾರವನ್ನು ಅದು ಎರಡು ಬಗೆಯಲ್ಲಿ ಬಳಸುತ್ತದೆ. ನಾವು ಹೇಳಿದಾಗ ಕಡತಗಳನ್ನೆಲ್ಲ ಮುಚ್ಚಿ ಮಲಗುವುದು ಒಂದು. ಇನ್ನೊಂದರಲ್ಲಿ ದಾಕ್ಷಿಣ್ಯವಿಲ್ಲ: ಪ್ರೊಸೆಸರಿನ ಬಿಸಿ ಮಿತಿಗೆ ಬಂದೊಡನೆ (ಹಲವು ಇಂಟೆಲ್ ಪ್ರೊಸೆಸರುಗಳಲ್ಲಿ ಅದು 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು) ಅದು ಮೊದಲು ವೇಗವನ್ನು ತಗ್ಗಿಸಿಕೊಂಡು ತಣಿಯಲು ನೋಡುತ್ತದೆ, ಆಗಲೂ ಬಿಸಿ ಏರಿದರೆ, ಬರೆದದ್ದನ್ನು ಉಳಿಸಲು ಕೂಡ ಕಾಯದೆ ಸುಟ್ಟುಹೋಗುವ ಮುನ್ನ ನಿಂತುಬಿಡುತ್ತದೆ.

ರಿಪೇರಿಯ ಹುಡುಗ ಹಿಂಬದಿಯ ಮುಚ್ಚಳ ಬಿಚ್ಚಿದಾಗ, ಅಂಗಳದಲ್ಲಿ ಅಡಿಕೆ ಸುಲಿದ ದಿನಗಳ ಧೂಳು ಫ್ಯಾನಿನ ಬಾಯಿಗೆ ಕಂಬಳಿಯ ತುಂಡಿನಂತೆ ಅಂಟಿಕೊಂಡಿತ್ತು. ಪ್ರೊಸೆಸರಿನ ಬಿಸಿಯನ್ನು ಹೊರಗೆ ದಾಟಿಸಲು ಅದರ ಮೇಲೆ ಸವರಿದ ಪೇಸ್ಟು, ವೀಳ್ಯದೆಲೆಗೆ ಸವರಿಟ್ಟ ಸುಣ್ಣ ಒಣಗಿದ ಹಾಗೆ ಬಿರುಕು ಬಿಟ್ಟಿತ್ತು.

ಕಾರಿನ ಸಂಗತಿ ಬೇರೆ. ರೈಲ್ವೆ ಗೇಟು ಬಿದ್ದಾಗ ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಟ್ಟರೆ ಎಂಜಿನ್ ತಾನಾಗಿ ನಿಲ್ಲುತ್ತದೆ, ಮತ್ತೆ ಕ್ಲಚ್ ಮೆಟ್ಟಿದರೆ ಹೊರಡುತ್ತದೆ. ಇಂಧನ ಉಳಿಸುವ ಈ ಏರ್ಪಾಡು ನನಗೆ ಒಪ್ಪಿಗೆಯೇ. ಆದರೆ ಎಂಜಿನ್ನಿನೊಂದಿಗೆ ಎಸಿಯ ಕಂಪ್ರೆಸರೂ ನಿಲ್ಲುವುದರಿಂದ, ಕಾಸರಗೋಡಿನ ಏಪ್ರಿಲ್ ಸೆಕೆಯಲ್ಲಿ ಎರಡೇ ನಿಮಿಷಕ್ಕೆ ಅಂಗಿ ಬೆನ್ನಿಗೆ ಅಂಟುತ್ತದೆ. ಅದಕ್ಕಾಗಿ ನಾನು ಕ್ಲಚ್ಚನ್ನು ಬಿಡದೆ ಮೆಟ್ಟಿಕೊಂಡೇ ಕೂರುವುದನ್ನು ರೂಢಿಸಿಕೊಂಡಿದ್ದೆ. ಸರ್ವಿಸಿಗೆ ಹೋದಾಗ ಮೆಕ್ಯಾನಿಕ್ ಅದಕ್ಕೂ ಬೈದ: “ಮಾಷೇ, ಹಾಗೆ ಮೆಟ್ಟಿ ಕೂತರೆ ಬೇರಿಂಗ್ ಹೋಗ್ತದೆ. ಬದಿಯಲ್ಲಿ ಸ್ವಿಚ್ ಉಂಟಲ್ಲ, ಅದನ್ನು ಒತ್ತಿ.” ಎಂಜಿನ್ ತಾನಾಗಿ ನಿಲ್ಲದಂತೆ ಮಾಡುವ ಸ್ವಿಚ್ ಅದು. ಒತ್ತುತ್ತೇನೆ, ಮರುದಿನ ಕಾರು ಅದನ್ನು ಮರೆತಿರುತ್ತದೆ.

ಹೀಗೆ ಗೊಣಗಿದರೂ, ಕೇಳದೆ ನಿಲ್ಲುವುದು ಜೀವ ಉಳಿಸುವ ಸಂದರ್ಭಗಳೂ ಉಂಟು. ಕೀಲಿ ತಿರುಗಿಸಬೇಕಿಲ್ಲದ ಕಾರನ್ನು ಆರಿಸಲು ಮರೆತು ಮನೆಗೆ ತಾಗಿದ ಗ್ಯಾರೇಜಿನಲ್ಲಿ ಬಿಟ್ಟವರು, ಕಾರ್ಬನ್ ಮೊನಾಕ್ಸೈಡ್ ಒಳಗೆ ಹರಡಿ ಅಮೆರಿಕದಲ್ಲಿ ಸತ್ತಿದ್ದಾರೆ. ಟೊಯೋಟಾ ಅಲ್ಲಿ ತನ್ನ 2020ರ ಮಾದರಿಗಳಿಂದ, ನಿಗದಿತ ಹೊತ್ತು ಕಳೆದರೆ ಎಂಜಿನ್ ತಾನಾಗಿ ಆರುವ ವ್ಯವಸ್ಥೆಯನ್ನು ತಂದಿತು.

ಲ್ಯಾಪ್‌ಟಾಪು ಹೇಳದೆ ನಿಂತಿತೆಂದು ಮೇಲೆ ದೂರಿದೆನಲ್ಲ, ಅದು ಪೂರ್ತಿ ನಿಜವಲ್ಲ. ಅಂದು ಅರ್ಧ ಗಂಟೆಯಿಂದಲೂ ಫ್ಯಾನು ಕೂಗುತ್ತಿತ್ತು; ಕೀಲಿ ಒತ್ತಿದ ಎಷ್ಟೋ ಹೊತ್ತಿಗೆ ಒತ್ತಕ್ಷರಗಳು ಮೂಡುತ್ತಿದ್ದವು. ನಾನು ಕನ್ನಡದ ಫಾಂಟನ್ನು ಬೈಯುತ್ತಿದ್ದೆ.