ಕಾಲೊನಿಗೆ ಹೋಗೋದು ಮತಾಂತರಕ್ಕಾ?

ಮಡಿಕೇರಿಯಲ್ಲಿ ಯಾರ ಮದುವೆಗೆ ಹೋದರೂ ಊಟದ ಹೊತ್ತಿಗೆ ಒಬ್ಬರಾದರೂ ಕೇಳುತ್ತಾರೆ. "ನೀವು ಚರ್ಚಿನವರು ಆ ಕಾಲೊನಿಗೆ ಯಾಕೆ ಹೋಗ್ತೀರಿ? ಮತಾಂತರಕ್ಕಾ?" ಕೆಲವರು ನಗುತ್ತಾ ಕೇಳುತ್ತಾರೆ, ಕೆಲವರು ನಗೋದಿಲ್ಲ. ಅವರು ಕೇಳೋದು ಊರಿನ ಇಳಿಜಾರಲ್ಲಿರುವ ಬಡವರ ಕಾಲೊನಿ ಬಗ್ಗೆ; ಅಲ್ಲಿ ನಾವು ಮಕ್ಕಳಿಗೆ ಟ್ಯೂಷನ್ ಮಾಡುತ್ತೇವೆ, ಅರ್ಜಿ ಬರೆದುಕೊಡುತ್ತೇವೆ. ನಾನು ಸುಮ್ನೆ ಪಂದಿಕರಿ ಕಡೆ ಮಾತು ತಿರುಗಿಸುತ್ತಿದ್ದೆ.

ಈಗ ನೇರವಾಗಿಯೇ ಹೇಳುತ್ತೇನೆ. ಯೇಸುವಿನ ಬಗ್ಗೆ ಯಾರಾದರೂ ಕೇಳಿದರೆ ಹೇಳುತ್ತೇನೆ, ಮುಚ್ಚಿಡುವುದಿಲ್ಲ. ಆದರೆ ಟ್ಯೂಷನ್‌ಗೆ ಬರುವ ಮಗುವಿಗೋ, ರೇಷನ್ ಕಾರ್ಡಿನ ಅರ್ಜಿ ಬರೆಸಿಕೊಳ್ಳುವ ಅಜ್ಜಿಗೋ ಪ್ರಾರ್ಥನೆಗೆ ಬರಲೇಬೇಕು ಅಂತ ಷರತ್ತು ಹಾಕಿದರೆ ಅದು ವ್ಯಾಪಾರ. ಅಂಥದ್ದು ಮಾಡುವವರು ಇಲ್ಲವೇ ಇಲ್ಲ ಅಂತ ನಾನು ವಾದ ಮಾಡಲ್ಲ.

ನಮ್ಮ ಜಿಲ್ಲೆಯ ಕತೆ ಸ್ವಲ್ಪ ಬೇರೆ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚು ಶುರುವಾಗಿದ್ದು 1792ರಲ್ಲಿ, ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಆಸರೆ ಕೊಟ್ಟಾಗ. ಅಂದರೆ ನಾವು ಇಲ್ಲಿಗೆ ಬಂದದ್ದು ನಿರಾಶ್ರಿತರಾಗಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಪಾದ್ರಿ ಮೋಗ್ಲಿಂಗ್ ಬಂದದ್ದು ಆಮೇಲೆ, 1850ರ ದಶಕದಲ್ಲಿ. ಹೌದು, ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ದ ಮೋಗ್ಲಿಂಗೇ. ಜೀತದಿಂದ ಬಂದವರಿಗಾಗಿ ಅವರು ಅಮ್ಮತ್ತಿ, ಸಿದ್ದಾಪುರ ಕಡೆ ಆನಂದಪುರ ಅಂತ ಬೇರೆ ಊರನ್ನೇ ಕಟ್ಟಿದರು.

ಪೇಟೆಯ ಬಡವರ ನಡುವೆ ಕೆಲಸ ಮಾಡಿದವರ ದಾರಿ ಇದಲ್ಲ. 1865ರಲ್ಲಿ ವಿಲಿಯಂ ಬೂತ್ ಲಂಡನ್ನಿನ ಪೂರ್ವ ಭಾಗದ ಬಡ ಕೇರಿಗಳಲ್ಲೇ ಕೆಲಸ ಶುರುಮಾಡಿದರು. ಅದೇ ಮುಂದೆ ಸಾಲ್ವೇಷನ್ ಆರ್ಮಿ ಅನ್ನೋ ಕ್ರೈಸ್ತ ಸೇವಾ ಸಂಸ್ಥೆ ಆಯಿತು. ಅಮೆರಿಕದ ಮಿಸಿಸಿಪ್ಪಿಯ ಕಪ್ಪು ಜನಾಂಗದ ಜಾನ್ ಪರ್ಕಿನ್ಸ್ ಇನ್ನೂ ಮುಂದೆ ಹೋಗಿ, ಬಡವರ ಕೇರಿಗೆ ಮನೆಯನ್ನೇ ಬದಲಾಯಿಸಿ, ಮುರಿದ ಸಂಬಂಧ ಸರಿಮಾಡಿ, ಇದ್ದದ್ದನ್ನು ಹಂಚಿಕೊಳ್ಳಿ ಅಂದರು. ಮನೆ ಬದಲಾಯಿಸೋದೇ ಕಷ್ಟ, ಅಲ್ವಾ? ನಾವಂತೂ ಶನಿವಾರ ಸ್ಕೂಟರಲ್ಲಿ ಹೋಗಿ ಕತ್ತಲಾಗೋಕೆ ಮುಂಚೆ ವಾಪಸ್ ಬರುತ್ತಿದ್ದವರು.

ಹಾಗೆ ಹೋಗಿ ಬರುತ್ತಲೇ ಒಂದು ಎಡವಟ್ಟು ಮಾಡಿದೆವು. ಕಾಲೊನಿಯ ಇಳಿಜಾರಿನ ಓಣಿಗೆ 'ಹೊಸ ಜೀವ' ಕೊಡೋಣ ಅಂತ ಹುಮ್ಮಸ್ಸು. ಮೆಟ್ಟಿಲಿಗೆ ಬಣ್ಣ ಹಚ್ಚಿದೆವು, ಚರಂಡಿಗೆ ಚಪ್ಪಡಿ ಹಾಕಿಸಿದೆವು, ಹಳೇ ಪೇಂಟ್ ಡಬ್ಬಗಳಲ್ಲಿ ಹೂವಿನ ಗಿಡ ನೆಟ್ಟೆವು, ಫೋಟೊ ತೆಗೆದು ಎಲ್ಲರಿಗೂ ಕಳಿಸಿದೆವು. ಅಲ್ಲಿಂದ ಬೆಟ್ಟ, ಮಂಜು ಚೆನ್ನಾಗಿ ಕಾಣುತ್ತದೆ. ಎರಡು ವರ್ಷದಲ್ಲಿ ಮೇಲಿನ ಮೂರು ಮನೆಗಳ ಮಾಲೀಕರು ಹೋಂಸ್ಟೇ ಬೋರ್ಡು ಹಾಕಿದರು. ಬಾಡಿಗೆಗಿದ್ದವರು ಖಾಲಿ ಮಾಡಬೇಕಾಯಿತು. ಹೋಟೆಲಲ್ಲಿ ಪಾತ್ರೆ ತೊಳೆಯುತ್ತಿದ್ದ ಒಬ್ಬಾಕೆ ಮಕ್ಕಳನ್ನು ಕರೆದುಕೊಂಡು ತೋಟದ ಕೂಲಿಗಳ ಲೈನ್ ಮನೆಗೆ ಹೊರಟು ನಿಂತಾಗ ನನಗೆ ಹೇಳಿದ್ದು ಇಷ್ಟೇ. "ಅಣ್ಣ, ನೀವು ಓಣಿ ಚೆಂದ ಮಾಡಿದ್ರಿ. ಬಾಡಿಗೇನೂ ಚೆಂದ ಆಯ್ತು."

ಆಕೆಯ ಮಗಳು ನಮ್ಮ ಟ್ಯೂಷನ್ನಿನಲ್ಲಿ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದ್ದಳು.

ಆಮೇಲೆ ಬಣ್ಣದ ಡಬ್ಬ ಮುಟ್ಟಿಲ್ಲ. ನಮ್ಮ ಚರ್ಚಿನ ಒಂದು ಕುಟುಂಬ ಅಲ್ಲೇ ಬಾಡಿಗೆಗೆ ಹೋಯಿತು. ನಲ್ಲಿಯಲ್ಲಿ ನೀರು ಯಾವ ದಿನ ಬರುತ್ತೆ, ಯಾವ ದಿನ ಕೈ ಕೊಡುತ್ತೆ ಅಂತ ಆಗಲೇ ನಮಗೆ ಗೊತ್ತಾಗಿದ್ದು. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡು ವರ್ಷಗಳಾದವರಿಗೆ ಭೂಕಂದಾಯ ಕಾಯ್ದೆಯ 94ಸಿಸಿ ಕಲಮಿನ ಅಡಿ ಹಕ್ಕುಪತ್ರದ ಅರ್ಜಿ, ದಾಖಲೆ, ಜೆರಾಕ್ಸು, ಅದರ ಹಿಂದೆ ಓಡಾಟ. ಬಾಡಿಗೆಯವರಿಗೆ ಅದೂ ಇಲ್ಲ. ಅವರಿಗೇನು ಮಾಡೋದು ಅಂತ ಇನ್ನೂ ದಾರಿ ಸಿಕ್ಕಿಲ್ಲ. 2018ರಲ್ಲಿ ಗುಡ್ಡ ಕುಸಿದದ್ದನ್ನು ಕಣ್ಣಾರೆ ಕಂಡವರು, ಹಕ್ಕುಪತ್ರ ಬಂದರೂ ಮಳೆಗಾಲದಲ್ಲಿ ನಿದ್ದೆ ಬರುತ್ತಾ ಅಂತ ಕೇಳುತ್ತಾರೆ. ಅದಕ್ಕೂ ನನ್ನ ಹತ್ತಿರ ಉತ್ತರವಿಲ್ಲ.

ಈಗ ಮದುವೆಮನೆಯಲ್ಲಿ ಯಾರಾದರೂ ಆ ಪ್ರಶ್ನೆ ಕೇಳಿದರೆ, ಬುಧವಾರ ಸಂಜೆ 5ಕ್ಕೆ ಕಾಲೊನಿಗೆ ಬನ್ನಿ, ನೀವೇ ನೋಡಿ ಅನ್ನುತ್ತೇನೆ. ಬರುವಾಗ ಒಂದು ಪೆನ್ನು ತನ್ನಿ, ಅರ್ಜಿ ತುಂಬೋಕೆ ಜನ ಸಾಲ್ತಾ ಇಲ್ಲ.