ಕಾಯಿ ನಿಂತಲ್ಲಿ ನೀರು: ಪರೀಕ್ಷೆ ಮಾಡುವುದು ಹೇಗೆ

ಕುಷ್ಟಗಿ, ಯಲಬುರ್ಗಾ ಕಡೆ ಬೋರು ಹಾಕಿಸುವ ಮುಂಚೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುವವರನ್ನು ಕರೆಸುತ್ತಾರೆ. ಕಾಯಿ ಎದ್ದು ನಿಂತಲ್ಲಿ ಪಾಯಿಂಟು. ನೀರು ಬಿದ್ದರೆ ಶಕ್ತಿ ನಿಜ ಎಂಬ ಮಾತು ಊರೆಲ್ಲ ಹಬ್ಬುತ್ತದೆ. ಆದರೆ ನಮ್ಮದು ಗ್ರಾನೈಟ್, ನೈಸ್ ಎಂಬ ಗಟ್ಟಿ ಬಂಡೆಗಳ ನೆಲ. ನೀರಿರುವುದು ಮೇಲಿನ ಸಡಿಲ ಪದರದಲ್ಲಿ, ಕೆಳಗಿನ ಬಿರುಕುಗಳಲ್ಲಿ. ಕಣ್ಮುಚ್ಚಿ ಕೊರೆದರೂ ಕೆಲವು ಸಲ ನೀರು ಬೀಳುತ್ತದೆ. ಕಾಯಿ ಮಲಗಿದ್ದ ಜಾಗದಲ್ಲೂ ಕೊರೆದು ಹೋಲಿಸದೆ ಹೊಲದ ಬೋರನ್ನು ಸಾಕ್ಷಿ ಎನ್ನಲಾಗದು. ಅಷ್ಟು ದುಡ್ಡು ಯಾರು ಹಾಕುತ್ತಾರೆ?

ಅದರ ಬದಲು ಈ ವಿದ್ಯೆಯನ್ನು ಪರೀಕ್ಷಿಸಲು 20 ಲೀಟರಿನ ಹತ್ತು ಖಾಲಿ ಬಣ್ಣದ ಡಬ್ಬ ಸಾಕು. ಯಾವುದರಲ್ಲಿ ನೀರಿದೆ ಎಂದು ಕಾಯಿ ಹಿಡಿದವರು ಒಳಗೆ ನೋಡದೆ ಹೇಳಬೇಕು. ಒಂದರಲ್ಲಿ 15 ಲೀಟರ್ ನೀರು, ಉಳಿದ ಒಂಬತ್ತರಲ್ಲಿ ತಲಾ 15 ಕಿಲೋ ಒಣ ಮರಳು. ತೂಕ ಒಂದೇ ಆದರೆ ನೆಲದಲ್ಲಿ ಒತ್ತಿದ ಗುರುತೂ ಒಂದೇ. ನೀರನ್ನು ಹಿಂದಿನ ರಾತ್ರಿಯೇ ತುಂಬಿ ಮರಳಿನ ಡಬ್ಬಗಳ ಜೊತೆ ಇಡಿ. ಆಗಷ್ಟೇ ಸೇದಿದ ತಣ್ಣೀರಾದರೆ ಡಬ್ಬದ ಹೊರಗೆ ಪಸೆ ಬಂದು ಗುಟ್ಟು ರಟ್ಟಾಗಬಹುದು. ಒಂದು ಹನಿ ಚೆಲ್ಲಿದರೂ ಅಷ್ಟೇ.

ಡಬ್ಬ ಇಡುವ ಮೊದಲು ಪರೀಕ್ಷೆಯ ಬಯಲಲ್ಲಿ ಕಾಯಿ ಹಿಡಿದವರನ್ನೇ ನಡೆಸಿ, ಕಾಯಿ ಏಳದ ಜಾಗ ಆರಿಸಿಕೊಳ್ಳಿ. ಇಲ್ಲದಿದ್ದರೆ ಆಮೇಲೆ "ಕೆಳಗೆ ಸೆಲೆ ಇತ್ತು" ಎಂಬ ಮಾತು ಬರುತ್ತದೆ. ನಂತರ ನೀರಿನ ಡಬ್ಬ ತೋರಿಸಿಯೇ ಮೂರು ಸುತ್ತು. ಕಾಯಿ ನಿಂತರೆ, "ಇಲ್ಲಿ ನನ್ನ ವಿದ್ಯೆ ನಡೆಯುತ್ತದೆ" ಎಂದು ಬರೆಸಿ ಸಹಿ ಪಡೆಯಿರಿ. ಹರಿಯುವ ನೀರೇ ಬೇಕೆಂದರೆ ಡಬ್ಬ ಬಿಡಿ, ಪೈಪಿನ ವ್ಯವಸ್ಥೆ ಮಾಡಿ. ಅವರು ಒಪ್ಪದ ಪರೀಕ್ಷೆ ಪರೀಕ್ಷೆಯಲ್ಲ.

ನೀರು ಎಲ್ಲಿಡಬೇಕೆಂದು ತಲೆಯಿಂದ ಆರಿಸಬೇಡಿ. ಮನುಷ್ಯರು ತುದಿ ಬಿಟ್ಟು ನಡುವಿನ ಜಾಗಕ್ಕೇ ಹೋಗುತ್ತಾರೆ. 1ರಿಂದ 10ರ ಚೀಟಿ ಚೊಂಬಿನಲ್ಲಿ ಹಾಕಿ ಎತ್ತಿ, ಪ್ರತಿ ಸಲ ಮತ್ತೆ ಒಳಗೆ ಹಾಕಿ. ಅದೇ ಸಂಖ್ಯೆ ಮರಳಿ ಬಂದರೂ ಹತ್ತೂ ಡಬ್ಬ ಎತ್ತಿಟ್ಟು ಮತ್ತೆ ಜೋಡಿಸಬೇಕು.

ಜೋಡಿಸಿದ ತಂಡ ಮರೆಯಾದ ಮೇಲೆಯೇ ನೀರು ನೋಡುವವರು ಬರಬೇಕು. ಜೊತೆಯಲ್ಲಿದ್ದು ಬರೆದುಕೊಳ್ಳುವವರಿಗೂ ಉತ್ತರ ಗೊತ್ತಿರಕೂಡದು. ಬರ್ಲಿನ್ನಿನಲ್ಲಿ ಲೆಕ್ಕ ಮಾಡುತ್ತದೆ ಎನಿಸಿಕೊಂಡ ಹಾನ್ಸ್ ಎಂಬ ಕುದುರೆ, ಪ್ರಶ್ನೆ ಕೇಳುವವರ ತಲೆಯ ಸಣ್ಣ ಅಲುಗಾಟ ನೋಡಿ, ಉತ್ತರ ಹೇಳಲು ಕುಟ್ಟುತ್ತಿದ್ದ ಗೊರಸು ನಿಲ್ಲಿಸುತ್ತಿತ್ತು. 1907ರಲ್ಲಿ ಮನಶ್ಶಾಸ್ತ್ರಜ್ಞ ಆಸ್ಕರ್ ಫಂಗ್ಸ್ಟ್ ಅದನ್ನು ತೋರಿಸಿದ. ಯಾರೂ ಮೋಸ ಮಾಡಿರಲಿಲ್ಲ. ಕಾಯಿ ಹಿಡಿದವರೂ ಬಹುಪಾಲು ಪ್ರಾಮಾಣಿಕರೇ. ನಿರೀಕ್ಷೆಯೇ ಅರಿವಿಲ್ಲದೆ ಸ್ನಾಯುವನ್ನು ಅಲುಗಿಸುತ್ತದೆ ಎಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಕಾರ್ಪೆಂಟರ್ 1852ರಲ್ಲೇ ವಿವರಿಸಿದ್ದ.

ಸುತ್ತು 20 ಇರಲಿ. ಊಹೆಯಿಂದಲೇ ಸರಾಸರಿ 2 ಸರಿಯಾಗುತ್ತವೆ. 7 ಅಥವಾ ಹೆಚ್ಚು ಸರಿಯಾಗುವುದು ಸುಮಾರು 400ಕ್ಕೆ ಒಂದು ಸಲ. ಗೆಲುವಿನ ಗೆರೆ 7 ಎಂದು ಮೊದಲೇ ಬರೆದಿಡಿ, ನಡುವೆ ಯಾರೂ ನಿಲ್ಲಿಸಬಾರದು.

ಇಪ್ಪತ್ತು ಜನರನ್ನು ಪರೀಕ್ಷಿಸಿದರೆ ಒಬ್ಬರಾದರೂ ಅದೃಷ್ಟದಿಂದಲೇ ಗೆರೆ ದಾಟುವ ಸಾಧ್ಯತೆ ಶೇ. 5ರ ಹತ್ತಿರ. 1987–88ರಲ್ಲಿ ಮ್ಯೂನಿಕ್ ಬಳಿಯ ಕೊಟ್ಟಿಗೆಯೊಂದರಲ್ಲಿ ನೀರು ನೋಡುವ 43 ಜನರ ಮೇಲೆ 843 ಪರೀಕ್ಷೆ ನಡೆದಾಗ ಎಡವಿದ್ದು ಇಲ್ಲೇ: ಚೆನ್ನಾಗಿ ಮಾಡಿದ ಕೆಲವರನ್ನು ಆಮೇಲೆ ಆರಿಸಿ ಶಕ್ತಿಯಿದೆ ಎಂದರು. ಗೆರೆ ದಾಟಿದವರಿಗೆ ಹೊಸ ಚೀಟಿ, ಹೊಸ ತಂಡದೊಂದಿಗೆ ಇನ್ನೂ 20 ಸುತ್ತು ಮಾಡಿಸಿ. ಹಳೆಯ ಅಂಕ ಅದಕ್ಕೆ ಸೇರಿಸಬೇಡಿ.